ಥೆರಪಿ ಶುರುಮಾಡಿ ಎರಡು ವರ್ಷ ದಾಟಿತು: ಬಿಡದೆ ಕಾಡುವ ಆತಂಕಕ್ಕೆ ಅದು ಏನು ಮಾಡಿತು

ಆತಂಕಕ್ಕೆ ಥೆರಪಿ ತಗೊಂಡರೆ ನಿಜಕ್ಕೂ ಉಪಯೋಗ ಆಗುತ್ತಾ ಎಂದು ಈಚೆಗೆ ಹಲವರು ಕೇಳುತ್ತಾರೆ. ನನ್ನ ಉತ್ತರ: ಆಗುತ್ತದೆ. ಆದರೆ ಕೆಲಸ ನಡೆಯುವುದು ಥೆರಪಿಸ್ಟ್ ಎದುರು ಕೂತ ಮುಕ್ಕಾಲು ಗಂಟೆಯಲ್ಲಿ ಅಲ್ಲ, ಆ ಸೆಷನ್ನಿಗೂ ಮುಂದಿನ ಸೆಷನ್ನಿಗೂ ನಡುವಿನ ದಿನಗಳಲ್ಲಿ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ನನಗೆ ಒಳ್ಳೆಯದಿತ್ತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗದಲ್ಲಿ ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಆತಂಕ ನನಗೆ ಒಂದು ದಿನ ಬಂದು ಇನ್ನೊಂದು ದಿನ ಹೋಗುವಂಥದ್ದಾಗಿರಲಿಲ್ಲ. ಬೆಳಿಗ್ಗೆ ಕಣ್ಣು ಬಿಡುವ ಮೊದಲೇ ಎದೆ ಡವಡವ, ಹೊಟ್ಟೆಯೊಳಗೆ ತಳಮಳ, ಹೆಗಲು ಕಲ್ಲಿನಂತೆ. ಮಗಳ ಓದು, ಮಾವನವರ ಬಿಪಿ, ಸಂಜೆ ಕ್ಯಾಶ್ ತಾಳೆ ಆಗುತ್ತೋ ಇಲ್ಲವೋ, ಗ್ಯಾಸ್ ಆಫ್ ಮಾಡಿದೆನಾ: ವಿಷಯ ಬದಲಾಗುತ್ತಿತ್ತು, ತಳಮಳ ಮಾತ್ರ ಅದೇ. ಹೃದಯದ ತೊಂದರೆಯೇ ಇರಬೇಕು ಅಂದುಕೊಂಡು ಇಸಿಜಿ, ಎಕೋ ಎಲ್ಲ ಮಾಡಿಸಿದೆ. ಥೈರಾಯ್ಡ್ ಕೂಡ ನೋಡಿದರು. ಅದು ಸರಿಯಾದ ಕ್ರಮ, ಏಕೆಂದರೆ ಥೈರಾಯ್ಡ್ ಹಾರ್ಮೋನ್ ಹೆಚ್ಚಾದಾಗಲೂ ಎದೆಬಡಿತ, ಕೈನಡುಕ, ನಿದ್ದೆಗೇಡು ಹೀಗೇ ಬರುತ್ತವೆ. ರಿಪೋರ್ಟೆಲ್ಲ ನಾರ್ಮಲ್. ನಮ್ಮ ಫಿಸಿಷಿಯನ್ನರೇ ಕೊನೆಗೆ, "ಒಮ್ಮೆ ಮನೋವೈದ್ಯರನ್ನು ನೋಡಿ ಅಮ್ಮ, ಇದಕ್ಕೆ ಚಿಕಿತ್ಸೆ ಇದೆ" ಅಂದರು.

ಮನೋವೈದ್ಯರು ಇದಕ್ಕೆ ಹೇಳಿದ ಹೆಸರು ಜನರಲೈಸ್ಡ್ ಆಂಗ್ಸೈಟಿ ಡಿಸಾರ್ಡರ್. ಕಡಿಮೆಯೆಂದರೆ 6 ತಿಂಗಳ ಕಾಲ, ಹೆಚ್ಚಿನ ದಿನಗಳಲ್ಲಿ, ಒಂದಲ್ಲ ಒಂದು ವಿಷಯಕ್ಕೆ ಅಂಕೆ ಮೀರಿದ ಚಿಂತೆ ಇದ್ದು, ಅದರ ಜೊತೆ ನಿದ್ದೆ, ಆಯಾಸ, ಮೈಬಿಗಿತ ಇಂಥ ತೊಂದರೆಗಳು ಸೇರಿದ್ದರೆ ಹೀಗೆ ಗುರುತಿಸುತ್ತಾರೆ. ಜಿಎಡಿ-7 ಎಂಬ ಚಿಕ್ಕ ಪ್ರಶ್ನಾವಳಿ ಕೊಟ್ಟರು. ಕಳೆದ 2 ವಾರಗಳ ಬಗ್ಗೆ 7 ಪ್ರಶ್ನೆ, ಒಟ್ಟು 21 ಅಂಕ. 15 ಅಥವಾ ಅದಕ್ಕಿಂತ ಹೆಚ್ಚು ಬಂದರೆ ತೀವ್ರ ಎಂದು ಲೆಕ್ಕ. ನನ್ನದು 17 ಬಂತು. ಕಾಯಿಲೆಗೆ ಒಂದು ಹೆಸರು ಸಿಕ್ಕಿದ್ದೇ ನನಗೆ ಅರ್ಧ ಸಮಾಧಾನ ಕೊಟ್ಟಿತು. "ನಿನಗೆ ಯೋಚನೆ ಜಾಸ್ತಿ" ಎಂದು ಮೂವತ್ತು ವರ್ಷ ಕೇಳಿದವಳಿಗೆ ಅದು ಸಣ್ಣ ವಿಷಯ ಅಲ್ಲ.

ಮೊದಲು ಸಿಕ್ಕ ಕೌನ್ಸೆಲರ್ ನನಗೆ ಹೊಂದಲಿಲ್ಲ. ಒಳ್ಳೆಯವರು, ಸಹನೆಯಿಂದ ಕೇಳುತ್ತಿದ್ದರು. ಪ್ರತಿ ಸಲ ಅತ್ತು ಹಗುರಾಗಿ ಬರುತ್ತಿದ್ದೆ, ಮೂರನೇ ದಿನಕ್ಕೆ ಎಲ್ಲವೂ ಮೊದಲಿನಂತೆ. "ಪಾಸಿಟಿವ್ ಆಗಿ ಯೋಚಿಸಿ, ಪ್ರಾಣಾಯಾಮ ಮಾಡಿ" ಎನ್ನುವುದು ಬಿಟ್ಟರೆ ಮುಂದೆ ಏನು ಮಾಡಬೇಕೆಂಬ ದಾರಿ ಇರಲಿಲ್ಲ. ಪ್ರಾಣಾಯಾಮವನ್ನು ನಾನು ಹಗುರವಾಗಿ ನೋಡುವುದಿಲ್ಲ, ಈಗಲೂ ಮಾಡುತ್ತೇನೆ. ಆದರೆ ಎದೆ ತುಂಬಿದ್ದನ್ನು ಹೇಳಿಕೊಳ್ಳುವುದೇ ಬೇರೆ, ಆತಂಕಕ್ಕೆ ಚಿಕಿತ್ಸೆ ಪಡೆಯುವುದೇ ಬೇರೆ. ಕೆಲವು ತಿಂಗಳಾದ ಮೇಲೂ ಏನೂ ಬದಲಾಗದಿದ್ದರೆ ಥೆರಪಿಯೇ ಸುಳ್ಳು ಎಂದು ಬಿಟ್ಟುಬಿಡಬೇಡಿ, ಥೆರಪಿಸ್ಟನ್ನು ಬದಲಿಸಿ ನೋಡಿ.

ಎರಡನೆಯವರು ಬೆಂಗಳೂರಿನ ಕ್ಲಿನಿಕಲ್ ಸೈಕಾಲಜಿಸ್ಟ್. ಮೊದಲ ಭೇಟಿ ಮುಖಾಮುಖಿ, ಆಮೇಲೆ ಹೆಚ್ಚಿನದೆಲ್ಲ ವಿಡಿಯೋ ಕಾಲ್, ಎಲ್ಲ ಕನ್ನಡದಲ್ಲೇ. ಇವರು ಬಳಸಿದ್ದು ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರ್ ಥೆರಪಿ: ನಮ್ಮ ಯೋಚನೆ ಮತ್ತು ನಡವಳಿಕೆಯ ರೂಢಿಗಳನ್ನು ಗುರುತಿಸಿ ಬದಲಿಸುವ ಚಿಕಿತ್ಸೆ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಖಿನ್ನತೆಗೆಂದು ರೂಪಿಸಿದ ವಿಧಾನ ಇದರ ಬುಡ. ಆತಂಕದ ಕಾಯಿಲೆಗಳಿಗೆ ಇವತ್ತು ಹೆಚ್ಚು ಪರೀಕ್ಷೆಗೆ ಒಳಪಟ್ಟಿರುವ ಥೆರಪಿಯೂ ಇದೇ. ಮೊದಲ ದಿನವೇ ಮೇಡಂ ನನ್ನ ಕೈಗೆ ಪೆನ್ನು ಕೊಟ್ಟು, ಹಿಂದಿನ ವಾರದ ಒಂದೇ ಒಂದು ಘಟನೆ ಬರೆಸಿದರು. ಆಗ ತಲೆಯಲ್ಲಿ ಏನು ಬಂತು, ಮೈಯಲ್ಲಿ ಏನಾಯಿತು, ನೀವು ಏನು ಮಾಡಿದಿರಿ, ಆಮೇಲೆ ಏನಾಯಿತು. ನಾಲ್ಕು ಕಾಲಂ. ಮೂರನೆಯ ಕಾಲಂ ನೋಡಿ ಕೇಳಿದರು: "ಆತಂಕ ಬಂದಾಗಲೆಲ್ಲ ನೀವು ಯಾರಿಗಾದರೂ ಫೋನ್ ಮಾಡ್ತೀರಲ್ವಾ?"

ಅಲ್ಲಿಂದ ನನ್ನ ಚಿಕಿತ್ಸೆ ನಿಜವಾಗಿ ಶುರುವಾಯಿತು. ಮಗಳು ಮಣಿಪಾಲದಲ್ಲಿ ಓದುತ್ತಾಳೆ. ಉಡುಪಿಯಲ್ಲಿ ಬಸ್ ಹತ್ತಿ ಊರಿಗೆ ಹೊರಟಳೆಂದರೆ ನಾನು ದಾರಿಯುದ್ದಕ್ಕೂ ಫೋನ್. ಹೆಬ್ರಿ ದಾಟ್ತಾ, ಆಗುಂಬೆ ಬಂತಾ, ತೀರ್ಥಹಳ್ಳಿ ಬಿಟ್ಟಿತಾ. ಘಾಟಿಯ ತಿರುವುಗಳಲ್ಲಿ ನೆಟ್‌ವರ್ಕ್ ಸಿಗದೆ ಹೋದರೆ ನಮ್ಮನೆಯವರಿಗೆ ಫೋನ್, ಅವರು ಎತ್ತದಿದ್ದರೆ ಮಗಳ ಗೆಳತಿಗೆ. "ತಲುಪ್ತಾಳೆ ಬಿಡೇ" ಎಂದು ಯಾರಾದರೂ ಅಂದರೆ ಐದು ನಿಮಿಷ ನೆಮ್ಮದಿ. ಆಮೇಲೆ ಮತ್ತೆ. ತುರಿಕೆ ಕೆರೆದ ಹಾಗೆ: ಆ ಕ್ಷಣಕ್ಕೆ ಹಿತ, ಬಿಟ್ಟ ಮೇಲೆ ಇನ್ನೂ ಜಾಸ್ತಿ. ಮೇಡಂ ವಿವರಿಸಿದ್ದು ಹೀಗೆ: ಫೋನ್ ಮಾಡಿದ್ದರಿಂದಲೇ ಆತಂಕ ಇಳಿಯಿತು ಎಂದು ಮನಸ್ಸು ಪ್ರತಿ ಸಲ ಕಲಿಯುತ್ತದೆ. ಫೋನ್ ಮಾಡದೆಯೂ ಅದು ಇಳಿಯುತ್ತದೆಯೇ ಎಂದು ನೋಡುವ ಅವಕಾಶ ಅದಕ್ಕೆ ಸಿಗುವುದೇ ಇಲ್ಲ.

ಆ ಅವಕಾಶ ಕೊಡಲು ನಾವು ಮೆಟ್ಟಿಲು ಮೆಟ್ಟಿಲಾಗಿ ಹೋದೆವು. ಮೊದಲು ತೀರ್ಥಹಳ್ಳಿಯಲ್ಲಿ ಮಾತ್ರ ಫೋನ್. ಆಮೇಲೆ ಶಿವಮೊಗ್ಗ ಬಸ್ ಸ್ಟ್ಯಾಂಡಿಗೆ ಬಂದ ಮೇಲೆ. ಆಮೇಲೆ ಫೋನೇ ಇಲ್ಲ, ಮನೆ ಬಾಗಿಲಿಗೆ ಬರುವವರೆಗೆ. ಪ್ರತಿ ಸಲವೂ ಮುಂಚೆ ನೋಟ್‌ಬುಕ್ಕಿನಲ್ಲಿ ಭವಿಷ್ಯ ಬರೆಯಬೇಕು. ಕೊನೆಯ ಮೆಟ್ಟಿಲಿನ ದಿನ ನಾನು ಬರೆದದ್ದು: "ಆತಂಕ ಏರುತ್ತಲೇ ಹೋಗುತ್ತದೆ, ನನ್ನಿಂದ ತಡೆಯಲು ಆಗುವುದಿಲ್ಲ. ನಂಬಿಕೆ: 95." ಬಸ್ ಹೊರಟ ಮೇಲೆ ಕಾಲು ಗಂಟೆಗೊಮ್ಮೆ ಆತಂಕಕ್ಕೆ ನೂರರಲ್ಲಿ ಒಂದು ಅಂಕ. 70, 85, 85, 80. ಫೋನು ಅಡುಗೆಮನೆಯ ಶೆಲ್ಫ್ ಮೇಲೆಯೇ ಇತ್ತು, ಕಣ್ಣೆದುರಿಗೆ. ಮನಸ್ಸು ಬೇರೆ ಕಡೆ ತಿರುಗಿಸಲು ಟಿವಿ ಹಾಕುವಂತಿಲ್ಲ ಎಂದು ಮೇಡಂ ಹೇಳಿದ್ದರು, ಎಂದಿನ ಕೆಲಸ ಮಾಡಬಹುದು. ಹೀರೇಕಾಯಿ ಹೆರೆಯುತ್ತಾ ನಿಂತೆ. ಅಂಗೈ ಬೆವರಿ ಕಾಯಿ ಜಾರುತ್ತಿತ್ತು. ಬಸ್ ಇನ್ನೂ ತೀರ್ಥಹಳ್ಳಿಯ ಈಚೆಗೆ ಎಲ್ಲೋ ಇರುವಾಗ, ಯಾವ ಸುದ್ದಿಯೂ ಬರದೆ, ಅಂಕ 40ಕ್ಕೆ ಇಳಿದಿತ್ತು. ಮಗಳು ಬಂದವಳು, "ಅಮ್ಮ, ಈ ಸಲ ಚೆನ್ನಾಗಿ ನಿದ್ದೆ ಮಾಡ್ಕೊಂಡು ಬಂದೆ" ಅಂದಳು.

ಅವಳು ಸುರಕ್ಷಿತವಾಗಿ ಬಂದಿದ್ದು ನನಗೆ ಹೊಸ ವಿಷಯ ಅಲ್ಲ, ಯಾವಾಗಲೂ ಹಾಗೇ ಬರುತ್ತಿದ್ದಳು. ಸುದ್ದಿ ಬರುವ ಮೊದಲೇ ಆತಂಕ ತಾನಾಗಿ ಇಳಿಯಿತಲ್ಲ, ಅದು ಹೊಸದು. "ಏನೂ ಆಗಲ್ಲ" ಎಂದು ಥೆರಪಿ ನನಗೆ ಎಂದೂ ಮಾತು ಕೊಡಲಿಲ್ಲ, ಕೊಡಲೂಬಾರದು. ಏನಾಗುತ್ತದೋ ಗೊತ್ತಿಲ್ಲದೆಯೂ ಸಂಜೆಯ ಅಡುಗೆ ಮಾಡಬಹುದು ಎಂಬುದನ್ನು ಮೈಗೆ ಹತ್ತಿಸಿತು.

ಇನ್ನೊಂದು ಅಭ್ಯಾಸ "ಚಿಂತೆಯ ಹೊತ್ತು". ದಿನಕ್ಕೆ 20 ನಿಮಿಷ, ನನಗೆ ಸಂಜೆ ಆರಕ್ಕೆ. ಹಗಲು ಬರುವ ಚಿಂತೆಯನ್ನು ಒಂದು ಸಾಲಿನಲ್ಲಿ ಗುರುತು ಹಾಕಿಕೊಂಡು ಆ ಹೊತ್ತಿಗೆ ಮುಂದೂಡುವುದು. ಆರಕ್ಕೆ ಕೂತು ಎರಡು ಪಾಲು ಮಾಡುವುದು: ಈಗಲೇ ನಾನು ಏನಾದರೂ ಮಾಡಬಹುದಾದದ್ದು, ಬರೀ "ಹೀಗಾದರೆ" ಎಂಬಂಥದ್ದು. ಮೊದಲನೆಯದಕ್ಕೆ ಒಂದು ಹೆಜ್ಜೆ ಬರೆಯುವುದು, ಎರಡನೆಯದನ್ನು ಹಾಗೇ ಬಿಡುವುದು. ಇದು ಕೈಗೆ ಹತ್ತಲು ತಡವಾಯಿತು, ಆದರೆ ಬ್ಯಾಂಕಿನ ಕೌಂಟರಿನಲ್ಲಿ ಇದೇ ಹೆಚ್ಚು ಉಪಯೋಗಕ್ಕೆ ಬಂತು. ಸ್ನಾಯು ಸಡಿಲಿಸುವ ಅಭ್ಯಾಸವೂ ಇತ್ತು, ಹೆಗಲಿಗೆ ಚೆನ್ನಾಗಿತ್ತು, ಅಷ್ಟೇ.

ಮಾತ್ರೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ನಾನು ಥೆರಪಿಯ ಜೊತೆ ಮಾತ್ರೆಯನ್ನೂ ತಗೊಂಡೆ, ಖಿನ್ನತೆಗೂ ಆತಂಕಕ್ಕೂ ಕೊಡುವ ಎಸ್‌ಎಸ್‌ಆರ್‌ಐ ಎಂಬ ಗುಂಪಿನದು. ಅದರ ಪರಿಣಾಮ ಗೊತ್ತಾಗಲು ಕೆಲವು ವಾರ ಬೇಕು. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸಿದ್ದು, ತಳಮಳ ಕೊಂಚ ಹೆಚ್ಚಾದದ್ದು ನಿಜ, ಆಮೇಲೆ ಹೋಯಿತು. ನಿದ್ದೆ ಬಂದ ಮೇಲೆಯೇ ನನಗೆ ನೋಟ್‌ಬುಕ್ ಬರೆಯುವ ತ್ರಾಣ ಬಂದಿದ್ದು. ಮಾತ್ರೆ ಇಲ್ಲದೆ ಬರೀ ಥೆರಪಿಯಲ್ಲೇ ಸುಧಾರಿಸುವವರೂ ಇದ್ದಾರೆ. ನಿಮಗೆ ಯಾವುದು ಎಂದು ಮನೋವೈದ್ಯರು ಹೇಳಲಿ. ಹುಷಾರಾಯಿತು ಎಂದು ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ, ಅವರೇ ನಿಧಾನವಾಗಿ ಇಳಿಸುತ್ತಾರೆ.

ಕೊರತೆಗಳನ್ನೂ ಹೇಳಬೇಕು. ಖರ್ಚು ದೊಡ್ಡದು. ನಾನು ಕೊಡುವುದು ಸೆಷನ್ನಿಗೆ 1,200 ರೂಪಾಯಿ. ಮೊದಲು ವಾರಕ್ಕೊಂದು ಬೇಕಾಗುತ್ತದೆ, ಸಿಬಿಟಿಗೆ ಸಾಮಾನ್ಯವಾಗಿ 12ರಿಂದ 20 ಸೆಷನ್ ಹಿಡಿಯುತ್ತದೆ. ನಮ್ಮಂಥ ಮನೆಗೆ ಅದು ಹೊರೆಯೇ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಇರಬೇಕು ಎನ್ನುತ್ತದೆ, ಆದರೆ ನನ್ನ ಪಾಲಿಸಿ ಆಸ್ಪತ್ರೆಗೆ ಅಡ್ಮಿಟ್ ಆದರೆ ಮಾತ್ರ ದುಡ್ಡು ಕೊಡುವಂಥದ್ದು. ವಾರ ವಾರದ ಥೆರಪಿಗೆ ಕೈಯಿಂದಲೇ ಹಾಕಬೇಕು. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಇನ್ನು ಆನ್‌ಲೈನಿನಲ್ಲಿ ತೊಂದರೆ ಏಕಾಂತದ್ದು. ಅತ್ತೆ ಮಾವ ಇರುವ ಮನೆಯಲ್ಲಿ ಬಾಗಿಲು ಹಾಕಿ ಮಾತಾಡುವುದು ಸುಲಭವಲ್ಲ. ಬ್ಯಾಂಕ್ ಮುಗಿಸಿ ನಿಲ್ಲಿಸಿದ ಕಾರಿನಲ್ಲಿ ಕೂತು ಎಷ್ಟೋ ಸೆಷನ್ ಮುಗಿಸಿದ್ದೇನೆ. ಮೊದಲ ಕೆಲವು ವಾರ ಆತಂಕ ಜಾಸ್ತಿಯಾದಂತೆ ಅನ್ನಿಸುತ್ತದೆ, ಅದೂ ಗೊತ್ತಿರಲಿ. ಓಡಿಹೋಗುತ್ತಿದ್ದುದರ ಎದುರಿಗೆ ನಿಲ್ಲುವಾಗ ಹಾಗೆ ಆಗಿಯೇ ಆಗುತ್ತದೆ.

ಕಳೆದ ವರ್ಷ ಮಾವನವರಿಗೆ ಆಪರೇಷನ್ ಆದಾಗ ಹಳೆಯದೆಲ್ಲ ಮರಳಿತು. ನಿದ್ದೆ ಹೋಯಿತು, ರಾತ್ರಿ ಎರಡಕ್ಕೆ ಅವರ ಉಸಿರು ನೋಡಲು ಎದ್ದು ಹೋಗುತ್ತಿದ್ದೆ. ಮೇಡಂ ಜೊತೆ ಮತ್ತೆ ಕೆಲವು ಸೆಷನ್ ತಗೊಂಡೆ. ಈ ಸಲ ಹೊಸದಾಗಿ ಕಲಿಯುವುದೇನೂ ಇರಲಿಲ್ಲ, ಅದೇ ನೋಟ್‌ಬುಕ್, ಅದೇ ಮೆಟ್ಟಿಲು, ಬೇಗ ಹಿಡಿತಕ್ಕೆ ಬಂತು. ಈಗ ಜಿಎಡಿ-7ರಲ್ಲಿ ನನ್ನ ಅಂಕ 6ರ ಆಸುಪಾಸು. ಚಿಂತೆ ಬರುತ್ತದೆ. ಅದು ಬಂದಿತೆಂದು ನಾನು ಮದುವೆ ಮುಂಜಿಗೆ ಹೋಗುವುದನ್ನು ಬಿಡುವುದಿಲ್ಲ.

ದುಡ್ಡಿನ ತೊಂದರೆ ಇರುವವರಿಗೆ: ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರುಮಾಡಿದ ಸೇವೆ ಇದು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯಕೀಯ ವಿಭಾಗಗಳಲ್ಲಿ ಕಡಿಮೆ ಖರ್ಚಿನಲ್ಲಿ ನೋಡುತ್ತಾರೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯಿದೆ, ಫೋನ್ ಮಾಡಿ ಕೇಳಿಕೊಂಡು ಹೋಗಿ. ಸಾಯಬೇಕು ಎಂಬ ಯೋಚನೆ ಬರುತ್ತಿದ್ದರೆ ಥೆರಪಿಯ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಅವತ್ತೇ ಮನೆಯವರಿಗೆ ಹೇಳಿ ಆಸ್ಪತ್ರೆಗೆ ಹೋಗಿ.

ಥೆರಪಿಸ್ಟ್ ಹುಡುಕುವಾಗ ಮೊದಲ ಭೇಟಿಯಲ್ಲೇ ಸಂಕೋಚವಿಲ್ಲದೆ ಕೇಳಿ: ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಆರ್‌ಸಿಐ (ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ಇದೆಯಾ, ಆತಂಕಕ್ಕೆ ಯಾವ ವಿಧಾನ ಬಳಸುತ್ತೀರಿ, ಮನೆಯಲ್ಲಿ ನಾನು ಏನು ಅಭ್ಯಾಸ ಮಾಡಬೇಕು, ಸುಧಾರಣೆಯನ್ನು ಹೇಗೆ ಅಳೆಯುತ್ತೀರಿ. ನಮ್ಮ ಮೇಡಂಗೆ ನಾನು ಇವೆಲ್ಲ ಕೇಳಿದ್ದೆ. ಬೇಜಾರಿಲ್ಲದೆ ಒಂದೊಂದಕ್ಕೂ ಉತ್ತರ ಕೊಟ್ಟು, ಕೊನೆಯದಕ್ಕೆ ಆ ಏಳು ಪ್ರಶ್ನೆಗಳ ಹಾಳೆಯನ್ನೇ ತೆಗೆದು ನನ್ನ ಮುಂದಿಟ್ಟರು.