ಕ್ಯಾರವಾನ್‌ಗೆ ಹೀಟರ್ ಹಾಕಿಸುವ ಮುಂಚೆ ಹೊಗೆ ಎಲ್ಲಿ ಹೋಗುತ್ತದೆ ನೋಡಿ

ಒಳಗೇ ಮಲಗಿ ತಂಗುವ ಪ್ರವಾಸದ ಗಾಡಿಗೆ, ಅಂದರೆ ಕ್ಯಾರವಾನ್‌ಗೆ, ಡೀಸೆಲ್ ಹೀಟರ್ ಹಾಕಿಸಬೇಕು ಅಂತಿದ್ದರೆ, ಅಥವಾ ಈಗಾಗಲೇ ಹಾಕಿಸಿದ್ದರೆ, ದಯವಿಟ್ಟು ಇದನ್ನು ಓದಿ. ಗೋಡೆಯ ಮೇಲಿದ್ದ ಕಾರ್ಬನ್ ಮೊನಾಕ್ಸೈಡ್ (ಹೊಗೆಯಲ್ಲಿರುವ ವಿಷಗಾಳಿ) ಅಲಾರಂ ಕೂಗದಿದ್ದರೆ ನಾವು ಮೂವರೂ ಬೆಳಿಗ್ಗೆ ಏಳುತ್ತಿರಲಿಲ್ಲ.

ಹಳೇ ಗ್ಯಾಸ್ ಹೀಟರ್ ಕೆಟ್ಟಿತ್ತು. ಡೀಸೆಲ್‌ದು ಹಾಕಿಸಿ, ಕರೆಂಟ್ ಇಲ್ಲದ ಕಡೆಯೂ 12 ವೋಲ್ಟ್ ಬ್ಯಾಟರಿಯಲ್ಲಿ ನಡೆಯುತ್ತದೆ ಎಂದ ಫಿಟ್ಟರ್. ಆ ಮಾತೇನೂ ಸುಳ್ಳಲ್ಲ. ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಕೂರಿಸಿಕೊಟ್ಟ.

ಆ ರಾತ್ರಿ ಮಗಳಿಗೆ ತಲೆನೋವು, ವಾಕರಿಕೆ. ನೋಡಿದರೆ ಥೇಟ್ ಜ್ವರ ಬರುವ ಲಕ್ಷಣ. ಅಷ್ಟರಲ್ಲಿ ಅಲಾರಂ ಶುರುವಾಯಿತು. ಅವಳನ್ನು ಎತ್ತಿಕೊಂಡು ಹೊರಗೆ ಓಡಿದೆವು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ ಆಕ್ಸಿಜನ್ ಕೊಟ್ಟರು. ಈ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ಆಮೇಲೆ ಮಂಚದ ಹಲಗೆ ಎತ್ತಿ ನೋಡಿದೆ. ಹೀಟರ್‌ನ ಹೊಗೆ ಹೊರಬಿಡುವ ಎಕ್ಸಾಸ್ಟ್ ಪೈಪನ್ನು ಎರಡು ತುಂಡು ಸೇರಿಸಿ, ಪೆಟ್ಟಿಗೆಯ ಒಳಗೇ ಜೋಡಿಸಿದ್ದ! ರಸ್ತೆಯ ಕುಲುಕಾಟಕ್ಕೆ ಕ್ಲಾಂಪ್ ಸಡಿಲವಾಗಿ, ಪಕ್ಕದ ಪ್ಲೈವುಡ್ ಪೂರ್ತಿ ಮಸಿ ಹಿಡಿದಿತ್ತು. ಎಕ್ಸಾಸ್ಟ್‌ನ ಯಾವ ಜೋಡಣೆಯೂ ಮಲಗುವ ಜಾಗದ ಒಳಗೆ ಇರಬಾರದು. ಪೈಪ್ ನೇರವಾಗಿ ನೆಲ ದಾಟಿ, ವಾಹನದ ಅಂಚಿನ ಹೊರಗೆ ಬಾಯಿ ಬಿಡಬೇಕು. ಉರಿಯುವುದಕ್ಕೆ ಬೇಕಾದ ಗಾಳಿಯೂ ಹೊರಗಿನಿಂದಲೇ ಬರಬೇಕು. ಫಿಟ್ಟರ್‌ನನ್ನು ಕೇಳಿದರೆ, "ಎಲ್ಲರಿಗೂ ಹೀಗೇ ಹಾಕಿಕೊಡೋದು ಸಾರ್" ಎಂದ. ನನಗೆ ಈಗಲೂ ಭಯವಾಗುವುದು ಆ ಮಾತಿಗೆ.

ಹೀಟರ್ ಹೋಲಿಸುವಾಗ ಎಲ್ಲರೂ ಬೆಲೆ, ಬಿಸಿ, ಸದ್ದು ಅಂತ ನೋಡುತ್ತಾರೆ. ಮೊದಲು ಹೊಗೆಯ ದಾರಿ ನೋಡಿ. ಕರೆಂಟ್ ಹೀಟರ್‌ಗೆ ಹೊಗೆಯೇ ಇಲ್ಲ, ಆದರೆ 2 ಕಿಲೋವ್ಯಾಟ್‌ನದು 230 ವೋಲ್ಟ್‌ನಲ್ಲಿ ಸುಮಾರು 9 ಆಂಪ್ ಎಳೆಯುತ್ತದೆ. ತಂಗುವ ಜಾಗದ ಲೈನ್ ಅಷ್ಟು ತಡೆಯಬೇಕಲ್ವಾ? ಹೊರಗಿನ ಗಾಳಿ ಎಳೆದು ಹೊರಗೇ ಹೊಗೆ ಬಿಡುವ ಗ್ಯಾಸ್ ಹೀಟರ್ ಒಳ್ಳೆಯದು. ಕೊರೆಯುವ ಚಳಿಗೆ ಪ್ರೊಪೇನ್ ಸಿಲಿಂಡರೇ ಬೇಕು. ಸಿಲಿಂಡರ್‌ನಲ್ಲಿ ಬರುವ ಇನ್ನೊಂದು ಗ್ಯಾಸ್ ಬ್ಯೂಟೇನ್, ಚಳಿ ಸೊನ್ನೆ ಡಿಗ್ರಿ ಹತ್ತಿರ ಬಂದರೆ ಆವಿಯಾಗುವುದೇ ಇಲ್ಲ. ಹೊಗೆ ಕೊಳವೆ ಇಲ್ಲದೆ ಒಳಗೇ ಉರಿಯುವ ಗ್ಯಾಸ್ ಹೀಟರ್ ಮಾತ್ರ ಬೇಡವೇ ಬೇಡ. ವಿಷಗಾಳಿಯ ಅಪಾಯ ಒಂದು ಕಡೆ, 1 ಕೆಜಿ ಪ್ರೊಪೇನ್ ಉರಿದರೆ ಒಂದೂವರೆ ಕೆಜಿಗೂ ಜಾಸ್ತಿ ನೀರಾವಿ ಇನ್ನೊಂದು ಕಡೆ. ಗೋಡೆಯೆಲ್ಲ ಬೂಷ್ಟು ಹಿಡಿಯುತ್ತದೆ.

ಡೀಸೆಲ್ ಹೀಟರ್ ಸರಿಯಾಗಿ ಕೂರಿಸಿದರೆ ಕೆಟ್ಟದ್ದಲ್ಲ. ಆದರೆ ಬೇರೆಯವರು ಕೂರಿಸಿಕೊಟ್ಟಿದ್ದರೆ, ಮುಂದಿನ ಸಲ ಹೊರಡುವ ಮುಂಚೆ ಹಲಗೆ ಎತ್ತಿ, ಟಾರ್ಚ್ ಹಾಕಿ, ಪೈಪ್ ಉದ್ದಕ್ಕೂ ಮಸಿ ಇದೆಯಾ ನೋಡಿ. ಅಲಾರಂ ಬಟನ್ ಒತ್ತಿ ಸದ್ದು ಬರುತ್ತದಾ ಪರೀಕ್ಷಿಸಿ. ಅದನ್ನು ಬದಲಾಯಿಸಬೇಕಾದ ದಿನಾಂಕ ಅದರ ಮೇಲೆಯೇ ಬರೆದಿರುತ್ತದೆ. ಅದನ್ನೂ ನೋಡಿಕೊಳ್ಳಿ.