ಮರಿಯ ಕಿಟ್ ಬೇಡ, ಬಿಡಿ ಸಾಮಾನು ಸಾಕು: ಬಳ್ಳಾರಿಯ ಒಂದು ಸಾಕುಪ್ರಾಣಿ ಅಂಗಡಿಯ ವಿಮರ್ಶೆ

ಹೊಸದಾಗಿ ನಾಯಿಮರಿ ತರುವವರಿಗೆಂದು ಬಳ್ಳಾರಿಯ ಸಾಕುಪ್ರಾಣಿ ಅಂಗಡಿಯೊಂದರಲ್ಲಿ ಸಿದ್ಧ ಕಿಟ್ ಮಾರಾಟಕ್ಕಿದೆ. ನಾವು ತಂದ ಡಬ್ಬದಲ್ಲಿ ಒಂದು ಮೆತ್ತನೆಯ ಹಾಸಿಗೆ, ಎರಡು ಪ್ಲಾಸ್ಟಿಕ್ ಬಟ್ಟಲು, ಕೊರಳಪಟ್ಟಿ ಮತ್ತು ಹಗ್ಗ, ಮೂತ್ರ ಹೀರುವ ಹಾಳೆಗಳ ಕಟ್ಟು, ಕಚ್ಚುವ ಆಟಿಕೆಗಳು, ಶ್ಯಾಂಪೂ, ಬ್ರಷ್ ಹಾಗೂ ಒಣ ಆಹಾರದ ಸಣ್ಣ ಪೊಟ್ಟಣ ಇದ್ದವು. ಬೆಲೆ ಮೂರು ಸಾವಿರ ರೂಪಾಯಿಗಿಂತ ತುಸು ಹೆಚ್ಚು. ಇಂಥದೇ ಡಬ್ಬ ಆನ್‌ಲೈನಿನಲ್ಲಿಯೂ ಬೇರೆ ಊರುಗಳಲ್ಲಿಯೂ ಸಿಗುವುದರಿಂದ ಅಂಗಡಿಯ ಹೆಸರಿಗಿಂತ ಡಬ್ಬದೊಳಗಿನ ವಸ್ತುಗಳ ಬಗ್ಗೆ ಬರೆಯುವುದು ಹೆಚ್ಚು ಉಪಯುಕ್ತ ಎಂದು ನನಗೆ ತೋರುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಅಂಗಡಿಗೆ ಖಂಡಿತ ಹೋಗಿ, ಆದರೆ ಕಿಟ್ ಕೊಳ್ಳಬೇಡಿ. ಆ ಡಬ್ಬವನ್ನು ತಂಪು ಊರಿನ, ಟೈಲ್ಸ್ ಹಾಕಿದ ಫ್ಲ್ಯಾಟಿನ, ದುಂಡು ಮುಖದ ಪುಟ್ಟ ಮರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ್ದಾರೆ. ನಮ್ಮ ಬಿಸಿಲಿಗೂ ನಮ್ಮ ಮನೆಗಳಿಗೂ ಅದು ಹೊಂದುವುದಿಲ್ಲ.

ನಮ್ಮದು ಬಾಗಲಕೋಟೆ ಕಡೆಯ ಬಂಧುಗಳ ಮನೆಯಲ್ಲಿ ಹುಟ್ಟಿದ ಮುಧೋಳ ತಳಿಯ ಮರಿ. ಎಂಟು ವಾರ ತುಂಬುವ ತನಕ ಅದನ್ನು ತಾಯಿಯ ಬಳಿಯೇ ಬಿಟ್ಟಿದ್ದೆವು. ಎಂಟು ವಾರದೊಳಗಿನ ಮರಿಗಳನ್ನು ಮಾರುವಂತಿಲ್ಲ ಎಂದು ನಾಯಿಗಳ ಸಂತಾನೋತ್ಪತ್ತಿ ಮತ್ತು ಮಾರಾಟದ ಬಗ್ಗೆ ಕೇಂದ್ರ ಸರ್ಕಾರ 2017ರಲ್ಲಿ ತಂದ ನಿಯಮಗಳೂ ಹೇಳುತ್ತವೆ. ಕಣ್ಣು ಬಿಟ್ಟು ಕೆಲವೇ ದಿನ ಕಳೆದ ಮರಿಯನ್ನು ಬುಟ್ಟಿಯಲ್ಲಿಟ್ಟು ಕೊಡುವವರಿಂದ ಯಾರೂ ಕೊಳ್ಳಬಾರದು. ಕಾಯುವ ಆ ದಿನಗಳು ಮನೆಯನ್ನು ಸಜ್ಜುಗೊಳಿಸಲು ಸಾಕಾಗುತ್ತವೆ.

ಕಿಟ್‌ನ ಹಾಸಿಗೆಯಿಂದಲೇ ತೊಡಕು ಶುರುವಾಗುತ್ತದೆ. ನೋಡಲು ಅಂದವಾಗಿದೆ, ಉಣ್ಣೆಯಂಥ ಮೇಲುಹೊದಿಕೆ ಇದೆ, ಒಳಗೆ ಕೃತಕ ನಾರು ತುಂಬಿದ್ದಾರೆ. ಶಿವರಾತ್ರಿ ಕಳೆದೊಡನೆ ಚಳಿ ಶಿವ ಶಿವ ಎಂದು ಹೊರಟುಹೋಗುವ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಅದರ ಮೇಲೆ ಯಾವ ಮರಿಯೂ ಮಲಗುವುದಿಲ್ಲ. ಹೊದಿಕೆಗೆ ಜಿಪ್ ಇಲ್ಲದ್ದರಿಂದ ಮೂತ್ರ ಒಳಗಿನ ನಾರಿಗೆ ಇಳಿದರೆ ವಾಸನೆ ಹೋಗಿಸಲು ಆಗುವುದಿಲ್ಲ. ಹೊಲಿಗೆ ಬಿಚ್ಚಿಕೊಂಡರೆ ಅಪಾಯ ಇನ್ನೂ ದೊಡ್ಡದು, ಏಕೆಂದರೆ ಹಲ್ಲು ಬರುವ ಮರಿ ನಾರನ್ನು ಕಿತ್ತು ನುಂಗುತ್ತದೆ, ಅದು ಕರುಳಿನಲ್ಲಿ ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು. ಹಾಗೆಂದು ಬರೀ ಕಡಪ ಬಂಡೆಯ ನೆಲದ ಮೇಲೆ ಮಲಗಿಸುವುದೂ ಸರಿಯಲ್ಲ. ಮುಧೋಳ ನಾಯಿಗೆ ಕೂದಲು ತೆಳು, ಚರ್ಮದ ಕೆಳಗೆ ಕೊಬ್ಬು ಕಡಿಮೆ, ಮೂಳೆಗಳು ಎದ್ದು ಕಾಣುತ್ತವೆ. ಗಟ್ಟಿ ನೆಲದಲ್ಲಿ ಮಲಗಿ ಮಲಗಿ ಮೊಣಕೈಗಳ ಮೇಲೆ ಚರ್ಮ ದಡ್ಡುಗಟ್ಟುತ್ತದೆ. ಇದಕ್ಕೆ ಉತ್ತರ ನಮ್ಮ ಮನೆಗಳಲ್ಲಿಯೇ ಇದೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದರೆ ಹಾಸಿಗೆ ಸಿದ್ಧ. ಒಗೆದು ಮಾಳಿಗೆಯ ಮೇಲೆ ಹರವಿದರೆ ನಮ್ಮ ಬಿಸಿಲಿನಲ್ಲಿ ಸ್ವಲ್ಪ ಹೊತ್ತಿಗೇ ಒಣಗುತ್ತದೆ, ಚಳಿಗಾಲದ ರಾತ್ರಿ ಇನ್ನೊಂದು ಮಡಿಕೆ ಸೇರಿಸಬಹುದು. ಅಂಚಿನಲ್ಲಿ ದಾರ ಜೋತುಬಿದ್ದಿದ್ದರೆ ಮೊದಲೇ ಕತ್ತರಿಸಿಬಿಡಬೇಕು, ಅಷ್ಟೇ.

ಬಟ್ಟಲುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಗುರ ಪ್ಲಾಸ್ಟಿಕ್ ಬಟ್ಟಲನ್ನು ಮರಿ ಕಚ್ಚಿ ಎಳೆದಾಡುತ್ತದೆ, ಗೀರುಬಿದ್ದ ಪ್ಲಾಸ್ಟಿಕ್ಕಿನಲ್ಲಿ ಕೊಳೆ ಉಳಿಯುತ್ತದೆ. ಅದೇ ಅಂಗಡಿಯಲ್ಲಿ ತಳಕ್ಕೆ ರಬ್ಬರ್ ಸುತ್ತಿದ ಸ್ಟೀಲ್ ಬಟ್ಟಲು ಬಿಡಿಯಾಗಿ ಸಿಗುತ್ತದೆ, ಊಟಕ್ಕೆ ಅದು ಚೆನ್ನಾಗಿದೆ. ನೀರಿಗೆ ಮಾತ್ರ ಕುಂಬಾರರಿಂದ ತಂದ ಮಣ್ಣಿನ ಬೋಗುಣಿಗೆ ಸಮನಾದದ್ದು ಅಂಗಡಿಯಲ್ಲಿ ಇಲ್ಲ: ಭಾರವಾಗಿರುವುದರಿಂದ ಮಗುಚುವುದಿಲ್ಲ, ಮಧ್ಯಾಹ್ನದ ಹೊತ್ತೂ ನೀರು ತಣ್ಣಗಿರುತ್ತದೆ. ಬೋರ್‌ವೆಲ್ ನೀರಿನ ಬಿಳಿ ಪೊರೆ ಕಟ್ಟುವುದರಿಂದ ದಿನವೂ ಉಜ್ಜಿ ತೊಳೆಯಬೇಕು.

ಕೊರಳಪಟ್ಟಿಯ ವಿಷಯದಲ್ಲಿ ಕಿಟ್ ನಮಗೆ ಪೂರ್ತಿ ನಿರುಪಯುಕ್ತವಾಯಿತು. ಮುಧೋಳದಂಥ ಬೇಟೆನಾಯಿಗಳ ತಲೆ ಕಿರಿದು, ಕತ್ತು ನೀಳ. ಸಾಮಾನ್ಯ ಬಕಲ್ ಪಟ್ಟಿ ಕಟ್ಟಿ ಹಗ್ಗ ಎಳೆದರೆ ಮರಿ ಹಿಂದಕ್ಕೆ ಜಗ್ಗಿ ತಲೆಯನ್ನು ಸಲೀಸಾಗಿ ಹೊರಕ್ಕೆ ತೆಗೆದುಕೊಳ್ಳುತ್ತದೆ. ಇವುಗಳಿಗೆ ಅಗಲವಾದ, ಎಳೆದಾಗ ಒಂದು ಮಿತಿಯವರೆಗೆ ಮಾತ್ರ ಬಿಗಿಯಾಗುವ ಮಾರ್ಟಿಂಗೇಲ್ ಪಟ್ಟಿ ಬೇಕು. ಅಂಗಡಿಯಲ್ಲಿ ಅದು ಇರಲಿಲ್ಲ. ಬಾಗಲಕೋಟೆಯ ತಳಿಯನ್ನೇ ಜನ ಹೆಚ್ಚು ಇಷ್ಟಪಡುವ ನಮ್ಮ ಭಾಗದಲ್ಲಿ ಇದು ಕೊರತೆಯೇ ಸರಿ. ಬದಲಿಗೆ ಅವರು ತೋರಿಸಿದ ಎದೆಪಟ್ಟಿ, ಅಂದರೆ ಹಾರ್ನೆಸ್, ಸದ್ಯಕ್ಕೆ ಸಾಕಾಗಿದೆ. ಯಾವ ಪಟ್ಟಿಯಾದರೂ ಎರಡು ಬೆರಳು ನುಸುಳುವಷ್ಟು ಸಡಿಲ ಇರಬೇಕು, ಮರಿ ಬೇಗ ಬೆಳೆಯುವುದರಿಂದ ಆಗಾಗ ನೋಡಿ ಸರಿಪಡಿಸಬೇಕು, ಬೋನಿನೊಳಗೆ ಬಿಡುವಾಗ ಬಿಚ್ಚಿಡಬೇಕು.

ಬೋನು ಎಂದೆನಲ್ಲ, ಈ ಅಂಗಡಿಯಲ್ಲಿ ಕೊಂಡ ಅತ್ಯುತ್ತಮ ವಸ್ತು ಅದೇ. ಕಿಟ್‌ನಲ್ಲಿ ಅದು ಇಲ್ಲ. ನಾಯಿಯನ್ನು ಬೋನಿಗೆ ಹಾಕುವುದೆಂದರೆ ಶಿಕ್ಷೆ ಎಂದು ನಮ್ಮ ಹಿರಿಯರು ಮುಖ ಸಿಂಡರಿಸುತ್ತಾರೆ. ಆದರೆ ಬಾಗಿಲು ತೆರೆದೇ ಇಟ್ಟು, ಒಳಗೆ ಕೌದಿ ಹಾಸಿ, ಊಟವನ್ನೂ ಅಲ್ಲಿಯೇ ಕೊಟ್ಟು ರೂಢಿಸಿದರೆ ಮರಿ ತಾನಾಗಿ ಹೋಗಿ ಮಲಗುತ್ತದೆ, ಮಲಗುವ ಜಾಗವನ್ನು ಹೊಲಸು ಮಾಡದ ಅದರ ಸ್ವಭಾವದಿಂದಾಗಿ ಹೊರಗೆ ಮೂತ್ರ ಮಾಡುವುದನ್ನೂ ಬೇಗ ಕಲಿಯುತ್ತದೆ. ಸುತ್ತಲೂ ಗಾಳಿಯಾಡುವ ತಂತಿಯ ಮಡಚುವ ಬೋನನ್ನೇ ಆರಿಸಬೇಕು; ಪ್ಲಾಸ್ಟಿಕ್ಕಿನ ಮುಚ್ಚಿದ ಪೆಟ್ಟಿಗೆ ಪ್ರಯಾಣಕ್ಕೆ ಸರಿ, ನಮ್ಮ ಬೇಸಿಗೆಯ ಮನೆಗಲ್ಲ. ನಾನು ದೊಡ್ಡದನ್ನು ಕೇಳಿದಾಗ ಅಂಗಡಿಯವರು ನಡುವೆ ಅಡ್ಡಪಟ್ಟಿ ಇರುವುದನ್ನು ತೆಗೆದುಕೊಟ್ಟು, ಮರಿ ನಿಂತು ತಿರುಗಿ ಕಾಲು ಚಾಚಿ ಮಲಗುವಷ್ಟು ಜಾಗ ಮಾತ್ರ ಬಿಟ್ಟು ಉಳಿದದ್ದನ್ನು ಮುಚ್ಚುವಂತೆ ಹೇಳಿದರು. ಜಾಗ ಹೆಚ್ಚಾದರೆ ಮರಿ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯನ್ನು ಕೆಡಿಸುತ್ತದೆ ಎಂಬುದು ಇದರ ಹಿಂದಿನ ಲೆಕ್ಕ. ಎರಡು ತಿಂಗಳ ಮರಿಯನ್ನು ಹಗಲಿನಲ್ಲಿ ತಾಸುಗಟ್ಟಲೆ ಒಳಗೆ ಕೂಡಿಹಾಕಬಾರದು; ಆ ವಯಸ್ಸಿಗೆ ಎರಡು ಮೂರು ತಾಸಿಗಿಂತ ಹೆಚ್ಚು ಹೊತ್ತು ಮೂತ್ರ ತಡೆದುಕೊಳ್ಳುವ ಶಕ್ತಿಯೇ ಇರುವುದಿಲ್ಲ. ತಗಡಿನ ಶೀಟಿನ ಕೆಳಗೆ, ಮಾಳಿಗೆಯ ಮೇಲೆ, ಪಡುವಣ ಗೋಡೆಯ ಪಕ್ಕ ಬೋನು ಇಡುವ ಮಾತೇ ಬೇಡ. ಪಡಸಾಲೆಯಲ್ಲಿ, ಮನೆಮಂದಿ ಓಡಾಡುವಲ್ಲಿ ಇಟ್ಟರೆ ಮೊದಲ ರಾತ್ರಿಗಳ ಅಳುವೂ ಕಡಿಮೆಯಾಗುತ್ತದೆ.

ಮೂತ್ರ ಹೀರುವ ಹಾಳೆಗಳನ್ನು ಮರಿ ಆಟಿಕೆ ಎಂದುಕೊಂಡು ಹರಿದುಹಾಕುತ್ತದೆ. ಹಳೆಯ ದಿನಪತ್ರಿಕೆಯೇ ಸಾಕು. ಆದರೆ ಮೂತ್ರದ ವಾಸನೆಯನ್ನು ಒಡೆಯುವ ಎನ್‌ಜೈಮ್ ದ್ರಾವಣವೊಂದನ್ನು ಅಂಗಡಿಯಲ್ಲಿ ಇಟ್ಟಿದ್ದಾರೆ, ಅದಕ್ಕೆ ಕೊಟ್ಟ ಹಣ ವ್ಯರ್ಥವಲ್ಲ. ಫಿನೈಲ್ ಹಾಕಿ ಒರೆಸಿದರೆ ನಮ್ಮ ಮೂಗಿಗೆ ವಾಸನೆ ಹೋಯಿತು ಎನಿಸುತ್ತದೆ, ಮರಿಯ ಮೂಗಿಗೆ ಹೋಗುವುದಿಲ್ಲ. ಅದು ಮತ್ತೆ ಅಲ್ಲಿಯೇ ಬರುತ್ತದೆ. ಮೇಲಾಗಿ ಒದ್ದೆ ಫಿನೈಲಿನ ಮೇಲೆ ನಡೆದು ಕಾಲು ನೆಕ್ಕುವ ಮರಿಗೆ ಅದು ವಿಷ.

ಆಹಾರದ ವಿಭಾಗದಲ್ಲಿ ಈ ಅಂಗಡಿಯ ಬಗ್ಗೆ ನನಗೆ ಗಟ್ಟಿಯಾದ ತಕರಾರು ಇದೆ. ದೊಡ್ಡ ಚೀಲ ಬಿಚ್ಚಿ ಬಿಡಿ ತೂಕದಲ್ಲಿ ಕಾಳಿನಂಥ ಒಣ ಆಹಾರವನ್ನು ಮಾರುತ್ತಾರೆ. ಪೆಡಿಗ್ರಿ, ಡ್ರೂಲ್ಸ್, ರಾಯಲ್ ಕ್ಯಾನಿನ್ ಎಲ್ಲವೂ ಮುಚ್ಚಿದ ಪೊಟ್ಟಣದಲ್ಲಿಯೂ ಇವೆ, ಆದರೆ ಅಗ್ಗವೆಂದು ಜನ ಬಿಡಿಯನ್ನೇ ಕೇಳುತ್ತಾರೆ. ಚೀಲ ಯಾವಾಗ ಬಿಚ್ಚಿದ್ದು, ಅವಧಿ ಎಂದು ಮುಗಿಯುತ್ತದೆ ಎಂಬುದು ಕೊಳ್ಳುವವರಿಗೆ ಕಾಣುವುದಿಲ್ಲ, ನಮ್ಮ ಸೆಖೆಯಲ್ಲಿ ಗಾಳಿಗೆ ತೆರೆದ ಆಹಾರದ ಕೊಬ್ಬು ಬೇಗ ಕಮಟುತ್ತದೆ. ಸಣ್ಣ ಮುಚ್ಚಿದ ಪೊಟ್ಟಣ ಕೊಂಡು, ಗಾಳಿಯಾಡದ ಡಬ್ಬದಲ್ಲಿ ಇಡುವುದೇ ಲೇಸು. ಕಿಟ್‌ನ ಪೊಟ್ಟಣವನ್ನು ಮೊದಲ ದಿನವೇ ಬಟ್ಟಲಿಗೆ ಸುರಿಯಬಾರದು. ಮರಿ ಹುಟ್ಟಿದ ಮನೆಯಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಮುಂದುವರಿಸಿ, ಹೊಸದನ್ನು ಒಂದು ವಾರದ ಅವಧಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತ ಹೋಗಬೇಕು. ಇಲ್ಲವಾದರೆ ಭೇದಿ ಹಿಡಿಯುತ್ತದೆ. ಆಕಳ ಹಾಲು ಹೆಚ್ಚಾದರೂ ಅದೇ ಗತಿ. ಈ ವಯಸ್ಸಿನಲ್ಲಿ ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪ ಕೊಡಬೇಕು. ಮನೆಯ ಊಟ ಕೊಡುವವರು ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕಿದ ಪಲ್ಯ ಮತ್ತು ಸಾರನ್ನು ದೂರವಿಡಬೇಕು. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಕೆಡಿಸುವುದರಿಂದ ಹಬ್ಬದ ಪಾಯಸವೂ ಬೇಡ.

ಇನ್ನೊಂದು ತಕರಾರು ಉಣ್ಣೆಹುಳುವಿನ ಔಷಧಿಗಳದು. ಮರಿಯ ವಯಸ್ಸು, ತೂಕ ಕೇಳದೆ ಪುಡಿ ಮತ್ತು ದ್ರಾವಣಗಳನ್ನು ಕೈಗೆ ಕೊಡುತ್ತಾರೆ. ನಾಯಿಯ ಕಂದು ಉಣ್ಣೆಹುಳು ಗೋಡೆ ಹತ್ತಿ ಬಿರುಕುಗಳಲ್ಲಿ ಮೊಟ್ಟೆಯಿಡುತ್ತದೆ, ಬಂಡೆಗಳ ಸಂದುಗಳಿರುವ ನಮ್ಮ ಮನೆಗಳು ಅದಕ್ಕೆ ಹೇಳಿಮಾಡಿಸಿದಂತಿವೆ, ಎರ್ಲಿಕಿಯಾದಂಥ ರಕ್ತದ ಕಾಯಿಲೆಯೂ ಅದರಿಂದಲೇ ಬರುತ್ತದೆ. ಆದ್ದರಿಂದ ಮರಿ ಬರುವ ಮೊದಲೇ ಸಂದುಗಳನ್ನು ಸಿಮೆಂಟಿನಿಂದ ಮುಚ್ಚಿಸುವುದು ಔಷಧಿಗಿಂತ ಮುಖ್ಯ. ದನಕರುಗಳಿಗೆ ಹಚ್ಚುವ ಔಷಧವನ್ನು ಅಂದಾಜಿನಲ್ಲಿ ನೀರಿಗೆ ಬೆರೆಸಿ ಮರಿಗೆ ಸವರುವ ರೂಢಿ ಹಳ್ಳಿಗಳಲ್ಲಿ ಇದೆ. ಅದು ಪ್ರಾಣಕ್ಕೇ ಕುತ್ತು ತರಬಹುದು. ಯಾವುದನ್ನು ಎಷ್ಟು ಎಂಬುದನ್ನು ಪಶುವೈದ್ಯರೇ ಹೇಳಬೇಕು.

ಇಷ್ಟೆಲ್ಲ ಹೇಳಿದ ಮೇಲೂ ಈ ಅಂಗಡಿಯನ್ನು ನಾನು ಮೆಚ್ಚಲು ಒಂದು ಕಾರಣವಿದೆ. ಎದೆಪಟ್ಟಿಯ ಅಳತೆ ನೋಡಲು ಮರಿಯನ್ನೇ ಕರೆತರುತ್ತೇವೆ ಎಂದಾಗ, "ಸೂಜಿ ಪೂರ್ತಿ ಆಗೋ ತನಕ ಮರೀನ ಇಲ್ಲಿಗೆ ತರಬ್ಯಾಡ್ರೀ, ಅಳತಿ ಬರ್ಕೊಂಡು ಬರ್ರಿ, ಹೊಂದ್ಲಿಲ್ಲಂದ್ರ ಬದಲಿ ಕೊಡ್ತೀನಿ" ಎಂದರು. ಹತ್ತಾರು ನಾಯಿಗಳು ಬಂದುಹೋಗುವ ನೆಲದಲ್ಲಿ ಮರಿಗಳಿಗೆ ರಕ್ತಭೇದಿ ಹಿಡಿಸಿ ಕೊಲ್ಲಬಲ್ಲ ಪಾರ್ವೊ ವೈರಸ್ ತಿಂಗಳುಗಟ್ಟಲೆ ಬದುಕಿರಬಲ್ಲದು, ಸಾಮಾನ್ಯ ಫಿನೈಲಿಗೆ ಸಾಯುವುದಿಲ್ಲ. ಆರರಿಂದ ಎಂಟು ವಾರಕ್ಕೆ ಆರಂಭವಾಗುವ ಲಸಿಕೆಗಳನ್ನು ಮೂರು ನಾಲ್ಕು ವಾರಗಳ ಅಂತರದಲ್ಲಿ ಸುಮಾರು ಹದಿನಾರು ವಾರದವರೆಗೆ ಹಾಕಿಸಬೇಕು, ಮೂರು ತಿಂಗಳಿಗೆ ರೇಬಿಸ್ ಚುಚ್ಚುಮದ್ದು, ಜೊತೆಗೆ ಜಂತುಹುಳುವಿನ ಔಷಧ. ವ್ಯಾಪಾರ ಕೈತಪ್ಪಬಹುದೆಂದು ಗೊತ್ತಿದ್ದೂ ಗಿರಾಕಿಗೆ ಹೀಗೆ ಹೇಳುವ ಅಂಗಡಿಯವರು ಕಡಿಮೆ. ಮೊದಲ ಎದೆಪಟ್ಟಿ ಬಿಗಿಯಾದಾಗ ಮಾತಿನಂತೆ ಬದಲಿಸಿಯೂ ಕೊಟ್ಟರು.

ಅಂಗಡಿಯಲ್ಲಿ ಸಿಗದ ಸಿದ್ಧತೆಯೂ ಇದೆ. ನಲ್ಲಿ ನೀರು ದಿನವೂ ಬಾರದ ನಮ್ಮ ಓಣಿಗಳಲ್ಲಿ ಪ್ರತಿ ಮನೆಗೂ ಸಂಪು ಇರುತ್ತದೆ. ಅದರ ಮುಚ್ಚಳ ಸದಾ ಬಿಗಿಯಾಗಿರಬೇಕು. ನೆಲಕ್ಕೆ ತಾಗುವ ಕೂಲರಿನ ವೈರನ್ನು ಪೈಪಿನೊಳಗೆ ಹಾಯಿಸಬೇಕು. ಅಂಗಳದ ಕಣಗಿಲೆ ಗಿಡದ ಎಲೆ, ಹೂವು, ಕಾಂಡ ಎಲ್ಲವೂ ವಿಷ, ಸುತ್ತ ಬೇಲಿ ಹಾಕಿಸಿ. ಇಲಿ ಪಾಷಾಣವನ್ನು ಮೂಲೆಯಲ್ಲಿಟ್ಟು ಮರೆತಿದ್ದರೆ ಹುಡುಕಿ ತೆಗೆಯಿರಿ.

ಕಿಟ್‌ನಲ್ಲಿ ಉಳಿದ ಶ್ಯಾಂಪೂವಿಗೆ ಸದ್ಯ ಕೆಲಸವಿಲ್ಲ, ಆಟಿಕೆಗಳಲ್ಲಿ ರಬ್ಬರಿನದು ಬಾಳುತ್ತದೆ, ಶಬ್ದ ಮಾಡುವುದರ ಒಳಗಿನ ಪೀಪಿಯನ್ನು ಮರಿ ಕಿತ್ತು ನುಂಗುವ ಭಯವಿದೆ. ಬೋನು, ಸ್ಟೀಲ್ ಬಟ್ಟಲು, ಎದೆಪಟ್ಟಿ, ಎನ್‌ಜೈಮ್ ದ್ರಾವಣ, ಮುಚ್ಚಿದ ಆಹಾರದ ಪೊಟ್ಟಣ: ಇವನ್ನು ಬಿಡಿಯಾಗಿ ಕೇಳಿ ತೆಗೆದುಕೊಳ್ಳಿ. ಬೋನಿನಿಂದಾಗಿ ಒಟ್ಟು ಖರ್ಚು ಕಿಟ್‌ಗಿಂತ ಹೆಚ್ಚಾಗುತ್ತದೆ, ಆದರೆ ತಂದ ವಸ್ತುಗಳಲ್ಲಿ ಒಂದನ್ನೂ ಅಟ್ಟಕ್ಕೆ ಹಾಕಬೇಕಾಗುವುದಿಲ್ಲ. ಮಧ್ಯಾಹ್ನದ ಹೊತ್ತು ಅಂಗಡಿ ಮುಚ್ಚಿರುತ್ತದೆ. ಬೆಳಿಗ್ಗೆ ಹೋದರೆ ಮಾಲೀಕರೇ ಇರುತ್ತಾರೆ, ಸಂಜೆ ಕೂರುವ ಹುಡುಗರಿಗೆ ಕಿಟ್ ಮಾರುವುದೊಂದೇ ಗೊತ್ತು.