ಕ್ಯೋಟೋದಲ್ಲಿ ಕೈಸೆಕಿ: ಕೋಣೆಯೋ, ಕೌಂಟರೋ, ದೇವಸ್ಥಾನದ ಊಟವೋ?

ಅಕ್ಟೋಬರ್ ಮೊದಲ ವಾರ ನಾನು, ಅಕ್ಕ ಜಪಾನಿನ ಕ್ಯೋಟೋಗೆ ಹೋಗಿದ್ದೆವು. ಕೈಸೆಕಿ ಅಂದರೆ ಋತುವಿಗೆ ತಕ್ಕ ಹಾಗೆ ಒಂದೊಂದೇ ತಿನಿಸು ಬಡಿಸುವ ಅಲ್ಲಿನ ಸಾಂಪ್ರದಾಯಿಕ ಊಟ. ಐದು ದಿನದಲ್ಲಿ ಮೂರು ಥರದ ಊಟ ಮಾಡಿದೆವು. ಈಗ ಯಾರಾದರೂ ಕೇಳಿದರೆ, ದುಬಾರಿಯದನ್ನು ಕೊನೆಗೆ ಇಟ್ಟುಕೊಳ್ಳಿ ಅಂತಲೇ ಹೇಳುತ್ತೇನೆ. ನಾವು ಅದನ್ನೇ ಮೊದಲು ಮಾಡಿಬಿಟ್ಟೆವು.

ಅದು ರ್ಯೋತೆಯಿ, ತತಾಮಿ ಚಾಪೆ ಹಾಸಿದ ಖಾಸಗಿ ಕೋಣೆಯಲ್ಲಿ ಬಡಿಸುವ ಹಳೇ ಊಟದ ಮನೆ. ಇಂಥ ಕೆಲವು ಮನೆಗಳಲ್ಲಿ ಹಳೇ ಗಿರಾಕಿಯೊಬ್ಬರು ಪರಿಚಯ ಮಾಡಿಸದೆ ಹೊಸಬರಿಗೆ ಜಾಗ ಕೊಡುವುದಿಲ್ಲ. ಹಿಂದೆಲ್ಲ ಬಿಲ್ಲನ್ನು ಆಮೇಲೆ ಮನೆಗೆ ಕಳಿಸುತ್ತಿದ್ದರು, ಹಾಗಾಗಿ ಕರೆತಂದವರೇ ಹೊಣೆ. ನಮಗೆ ಹೋಟೆಲ್‌ನವರು ಬುಕ್ ಮಾಡಿಕೊಟ್ಟರು. ಗೋಡೆಯ ಗೂಡಿನಲ್ಲಿ ಒಂದು ಚಿತ್ರಪಟ, ಒಂದೇ ಒಂದು ಹೂವು, ಹೊರಗೆ ಪಾಚಿ ಬೆಳೆದ ಕಲ್ಲು. ಆ ಮೌನಕ್ಕೇ ಅರ್ಧ ದುಡ್ಡು ಅನ್ನಿ. ಆದರೆ ಸಾರಿನ ಬಟ್ಟಲು ಬಂದಾಗ ನನಗೆ ಬಿಸಿನೀರು ಕುಡಿದ ಹಾಗಾಯಿತು. ಹುಳಿ, ಖಾರ, ಒಗ್ಗರಣೆಗೆ ಪಳಗಿದ ನಾಲಿಗೆ ಅಲ್ವಾ! ಅಕ್ಕನದು ಇನ್ನೂ ಕಷ್ಟ. ಸಸ್ಯಾಹಾರಿ ಅಂತ ಮೊದಲೇ ಹೇಳಿದ್ದೆವು, ಮೀನಿನ ತುಂಡು ಇರಲಿಲ್ಲ, ಆದರೆ ಸಾರಿನ ಬುಡವಾದ ದಾಶಿಯಲ್ಲೇ ಒಣಗಿಸಿದ ಬೊನಿಟೋ ಮೀನಿತ್ತು. ಅವಳು ಬಟ್ಟಲು ಕೆಳಗಿಟ್ಟಾಗ ಬಡಿಸುವಾಕೆಯ ಮುಖ ನೋಡಿ ನಮಗೇ ಬೇಜಾರಾಯಿತು.

ಎರಡು ದಿನ ಬಿಟ್ಟು ಅರಾಶಿಯಾಮಾದ ತೆನ್ರ್ಯೂಜಿಗೆ ಹೋದೆವು. 1339ರಲ್ಲಿ ಸ್ಥಾಪನೆಯಾದ ಝೆನ್ ಬೌದ್ಧ ದೇವಸ್ಥಾನ. ಒಳಗಿನ ಶಿಗೆತ್ಸು ಅನ್ನುವ ಊಟದ ಮನೆಯಲ್ಲಿ ನೆಲದ ಮೇಲೆ ಸಾಲಾಗಿ ಕೂರಿಸಿ, ಕೆಂಪು ಅರಗಿನ ಬಟ್ಟಲುಗಳಲ್ಲಿ ಬಡಿಸುತ್ತಾರೆ. ಇದು ಶೋಜಿನ್, ಅಂದರೆ ಬೌದ್ಧ ಸನ್ಯಾಸಿಗಳ ಅಡುಗೆ. ಮಾಂಸ, ಮೀನು ಮಾತ್ರವಲ್ಲ, ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ! "ನಮ್ಮ ಮಠದ ಊಟವೇ ಕಣೇ" ಅಂದಳು ಅಕ್ಕ. ದಾಶಿ ಬರೀ ಕೊಂಬು ಅನ್ನುವ ಕಡಲಪಾಚಿ, ಒಣ ಅಣಬೆಯದು. ಎಳ್ಳಿನ ತೋಫು ಬಾಯಲ್ಲಿ ಹಾಲುಬಾಯಿಯಂತೆ ಕರಗಿತು. ಅವತ್ತೇ ಮೊದಲ ಸಲ ಸಾರಿನ ರುಚಿ ನನಗೂ ಸಿಕ್ಕಿತು. ಉಪ್ಪಲ್ಲ, ಸಿಹಿಯಲ್ಲ, ನುಂಗಿದ ಮೇಲೂ ನಾಲಿಗೆಯ ಹಿಂದೆ ಉಳಿಯುವಂಥದ್ದು. 1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನಾಎ ಇಕೆಡಾ ಉಮಾಮಿ ಅಂತ ಹೆಸರಿಟ್ಟದ್ದು ಕೊಂಬು ಸಾರಿನ ಈ ರುಚಿಗೇ.

ಕೊನೇ ದಿನ ಕಪ್ಪೋ, ಅಂದರೆ ಅಡುಗೆಯವರ ಎದುರೇ ಕೌಂಟರ್‌ನಲ್ಲಿ ಕೂತು ಉಣ್ಣುವುದು. ಅಕ್ಕ ಬರಲಿಲ್ಲ, ಮಧ್ಯಾಹ್ನ ಒಬ್ಬಳೇ ಹೋದೆ. ರಾತ್ರಿಗಿಂತ ಮಧ್ಯಾಹ್ನದ ದರ ಕಡಿಮೆ. ಕೂತ ಸ್ವಲ್ಪ ಹೊತ್ತಿಗೆ ಜರ್, ಜರ್, ಜರ್ ಅಂತ ಸದ್ದು. ಹಾಮೋ ಅನ್ನುವ ಹಾವಿನಂಥ ಮೀನಿಗೆ ಮುಳ್ಳು ಜಾಸ್ತಿ, ಕಿತ್ತು ತೆಗೆಯಲು ಆಗುವುದಿಲ್ಲ. ಅದಕ್ಕೆ ಚರ್ಮ ಮಾತ್ರ ಉಳಿಸಿ ಮುಳ್ಳಿನ ಸಮೇತ ಗೀರು ಹಾಕುತ್ತಾರೆ. 3 ಸೆಂ.ಮೀ.ನಲ್ಲಿ 24 ಗೀರು ಹಾಕಬಲ್ಲವರೇ ಪಳಗಿದವರು ಅಂತಾರೆ. ಕುದಿನೀರಿಗೆ ಬಿಟ್ಟ ಕೂಡಲೇ ತುಂಡು ಬಿಳಿ ಹೂವಿನ ಹಾಗೆ ಬಿರಿಯಿತು. ಹಾಮೋ ಮುಗಿಯುವ, ಮಾತ್ಸುತಾಕೆ ಅಣಬೆ ಶುರುವಾಗುವ ಕಾಲ ಅದು. ಎರಡನ್ನೂ ಒಂದೇ ಬಟ್ಟಲಿಗೆ ಹಾಕಿ ಕೊಟ್ಟರು. ಮುಚ್ಚಳ ಬಿಗಿದು ಕೂತಿದ್ದಾಗ ಬಟ್ಟಲಿನ ಅಂಚನ್ನು ಮೆಲ್ಲಗೆ ಅದುಮಿ ಅಂತ ಕೈಯಲ್ಲೇ ತೋರಿಸಿದರು. ತೆರೆದರೆ ಮಳೆ ಬಿದ್ದ ಕಾಡಿನ ವಾಸನೆ.

ಮೂರರಲ್ಲಿ ನನಗೆ ಕೌಂಟರೇ ಹೆಚ್ಚು. ಭಾಷೆ ಬಾರದಿದ್ದರೂ ಕಣ್ಣಿಗೆ ಎಲ್ಲ ತಿಳಿಯುತ್ತದೆ. ಸಸ್ಯಾಹಾರಿಗಳು ಕಣ್ಣು ಮುಚ್ಚಿ ದೇವಸ್ಥಾನಕ್ಕೆ ಹೋಗಿ. ರ್ಯೋತೆಯಿಗೆ ಹೋಗುವುದೇ ಆದರೆ ಕಾಲುಚೀಲ ಹಾಕಿಕೊಳ್ಳಿ, ಸೆಂಟ್ ಬೇಡ, ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿ. ಬುಕ್ ಮಾಡುವಾಗಲೇ "ದಾಶಿಯಲ್ಲೂ ಮೀನು ಬೇಡ" ಅಂತ ಬರೆಸಿ, ಬರೀ ಸಸ್ಯಾಹಾರಿ ಅಂದರೆ ಸಾಲದು.